ಸಯಾಟಿಕಾ ಇದ್ದೂ ಓಡುತ್ತೀರಾ?

ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ಪರಿಚಯವಾದವರು, ಕಚೇರಿಯ ಕ್ಯಾಂಟೀನಿನಲ್ಲಿ ಎದುರು ಕುಳಿತವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಸಿಕ್ಕ ನೆಂಟರು, ಎಲ್ಲರೂ ಕೇಳುವುದು ಇದನ್ನೇ: "ಸಯಾಟಿಕಾ ಇದೆ ಎನ್ನುತ್ತೀರಿ, ಮತ್ತೆ ಓಡುತ್ತಲೂ ಇದ್ದೀರಲ್ಲ, ಅದು ಹೇಗೆ?" ಕೆಲವರ ದನಿಯಲ್ಲಿ ಕುತೂಹಲ. ಉಳಿದವರ ದನಿಯಲ್ಲಿ ಅನುಮಾನ: ನೋವು ಸುಳ್ಳಿರಬೇಕು, ಇಲ್ಲವೇ ಓಟ ಸುಳ್ಳಿರಬೇಕು.

ಎರಡೂ ನಿಜ. ಸಯಾಟಿಕಾ ಎಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು. ಓಟಕ್ಕಿಂತ ಕುರ್ಚಿಯೇ ನನ್ನ ಸೊಂಟಕ್ಕೆ ಹೆಚ್ಚು ಕೇಡು ಮಾಡುತ್ತದೆ. ಹಾಗಾಗಿ ನಾನು ಮೊದಲು ಕಡಿಮೆ ಮಾಡಿದ್ದು ಕೂರುವುದನ್ನು, ಓಡುವುದನ್ನು ಆಮೇಲೆ.

ಸಯಾಟಿಕ್ ನರ ನಮ್ಮ ಮೈಯಲ್ಲಿರುವ ಅತಿ ದಪ್ಪ ನರ. ಸೊಂಟದ ಕೆಳಭಾಗದಲ್ಲಿ ಬೆನ್ನುಹುರಿಯಿಂದ ಹೊರಡುವ ಐದು ಬೇರುಗಳು, ಅಂದರೆ ಎಲ್4ರಿಂದ ಎಸ್3ರವರೆಗಿನವು (ಎಲ್ ಎಂಬುದು ಸೊಂಟದ ಬೆನ್ನುಮೂಳೆಗಳ ಗುರುತು, ಎಸ್ ಅವುಗಳ ಕೆಳಗಿನವುಗಳದ್ದು), ಸೇರಿ ಇದಾಗುತ್ತದೆ. ಪಿರ್ರೆಯ ಆಳದಲ್ಲಿ ಹಾದು, ತೊಡೆಯ ಹಿಂಬದಿಯಲ್ಲಿ ಇಳಿದು, ಮಂಡಿಯ ಹತ್ತಿರ ಕವಲೊಡೆದು ಪಾದ ಮುಟ್ಟುತ್ತದೆ. ಹೆಚ್ಚಿನವರಿಗೆ ತೊಂದರೆ ಶುರುವಾಗುವುದು ಎಲ್4–ಎಲ್5 ಅಥವಾ ಎಲ್5–ಎಸ್1 ನಡುವಿನ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹೊರಗೆ ಉಬ್ಬಿ ನರದ ಬೇರನ್ನು ಒತ್ತಿದಾಗ, ಕೆರಳಿಸಿದಾಗ. ನೋಯುವುದು ಮೀನಖಂಡ, ಜುಮ್ಮೆನ್ನುವುದು ಹೆಬ್ಬೆರಳು; ಮೂಲ ಮಾತ್ರ ಬೆನ್ನಿನಲ್ಲಿ. ನಮ್ಮ ದೊಡ್ಡಮ್ಮ ಪ್ರೀತಿಯಿಂದ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೇಳುತ್ತಾರೆ. ಹಿತವಾಗಿರುತ್ತದೆ, ಬೇಡವೆನ್ನುವುದಿಲ್ಲ. ಆದರೆ ಡಿಸ್ಕಿನವರೆಗೆ ಆ ಎಣ್ಣೆ ಹೋಗುವುದಿಲ್ಲ.

ಓಟಗಾರರು ಮಾಡುವ ಇನ್ನೊಂದು ಕೆಲಸ ಕಂಡರೆ ಮಾತ್ರ ನನಗೆ ಸುಮ್ಮನಿರಲಾಗುವುದಿಲ್ಲ. ಕಬ್ಬನ್ ಪಾರ್ಕಿನ ಯಾವುದಾದರೂ ಕಲ್ಲುಬೆಂಚಿನ ಬಳಿ ನಿಂತು ನೋಡಿ: ಒಂದು ಹಿಮ್ಮಡಿಯನ್ನು ಬೆಂಚಿನ ಮೇಲಿಟ್ಟು, ಬೆನ್ನು ಬಗ್ಗಿಸಿ, ಬೂಟಿನ ತುದಿ ಹಿಡಿದು, ಹಲ್ಲುಕಚ್ಚಿ ಎಳೆಯುತ್ತಿರುತ್ತಾರೆ. ತೊಡೆಯ ಹಿಂದಿನ ಸ್ನಾಯು ಬಿಗಿದಿದೆ ಎಂಬುದು ಅವರ ಲೆಕ್ಕ. ಕೆಲವೊಮ್ಮೆ ಅದು ಸ್ನಾಯುವಿನ ಬಿಗಿತವಲ್ಲ, ಕೆರಳಿದ ನರ. ಎಲ್ಲೋ ಸಿಕ್ಕಿಕೊಂಡ ದಾರವನ್ನು ತುದಿ ಹಿಡಿದು ಜಗ್ಗಿದರೆ ಗಂಟು ಇನ್ನಷ್ಟು ಬಿಗಿಯುವುದಷ್ಟೇ. ಆ ಭಂಗಿಯಲ್ಲಿ ಚಳುಕು ಮಂಡಿಯಿಂದ ಕೆಳಗೆ ಹೊಡೆದರೆ, ಪಾದವನ್ನು ನಿಮ್ಮತ್ತ ಮಡಿಸಿದಾಗ ಅದು ಜೋರಾದರೆ, ಅಲ್ಲಿಗೇ ನಿಲ್ಲಿಸಿ. ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿ ವೈದ್ಯರು ಪರೀಕ್ಷಿಸುವುದೂ ಇದನ್ನೇ.

ಓಡಬೇಕೋ ಬೇಡವೋ ಎಂದು ನಾನು ತೀರ್ಮಾನಿಸುವುದು ನೋವು ಎಷ್ಟಿದೆ ಎಂದು ನೋಡಿಯಲ್ಲ, ಎಲ್ಲಿಗೆ ಹೊರಟಿದೆ ಎಂದು ನೋಡಿ. ಕಾಲಿನ ನೋವು ಮೇಲಕ್ಕೆ ಸರಿದು ಸೊಂಟದಲ್ಲಿ ನಿಂತರೆ, ಸೊಂಟ ಅಂದು ತುಸು ಹೆಚ್ಚೇ ನೋಯುತ್ತಿದ್ದರೂ, ಸಾಮಾನ್ಯವಾಗಿ ಅದು ಒಳ್ಳೆಯ ಲಕ್ಷಣ. ಸೊಂಟದಲ್ಲಿದ್ದದ್ದು ತೊಡೆ ದಾಟಿ ಮೀನಖಂಡಕ್ಕೆ ಇಳಿಯತೊಡಗಿದರೆ ನಡೆಯುತ್ತಾ ಮನೆಗೆ. ಇದೇ ಕಾರಣಕ್ಕೆ ಲಾಲ್‌ಬಾಗಿನಲ್ಲಿ ದೊಡ್ಡ ಸುತ್ತು ಹಾಕುವುದನ್ನು ಬಿಟ್ಟು, ಗೇಟಿನ ಹತ್ತಿರವೇ ಸಣ್ಣ ಸಣ್ಣ ಸುತ್ತು ಹಾಕುತ್ತೇನೆ. ನೋವು ಇಳಿಯಲು ಶುರುವಾದಾಗ ತೋಟದ ಆ ತುದಿಯಲ್ಲಿರುವುದು ಬೇಡ. ಬಂಡೆಯ ಇಳಿಜಾರಿನಲ್ಲಿ ಓಡುವ ಉತ್ಸಾಹವನ್ನು ಬೇರೆಯವರಿಗೆ ಬಿಟ್ಟಿದ್ದೇನೆ.

ಹಾಸಿಗೆಯಿಂದ ಎದ್ದು ನೇರ ಓಟಕ್ಕೆ ಇಳಿಯುವುದೂ ಇಲ್ಲ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಆದ್ದರಿಂದ ಬೂಟಿನ ದಾರ ಕಟ್ಟುವಾಗಲೂ ನೆಲಕ್ಕೆ ಬಗ್ಗುವುದಿಲ್ಲ. ಕಾಲನ್ನು ಜಗುಲಿಯ ಕಟ್ಟೆಯ ಮೇಲಿಟ್ಟು, ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು ಕಟ್ಟುತ್ತೇನೆ. ಎದುರು ಮನೆಯವರಿಗೆ ಇದು ಠೀವಿಯಂತೆ ಕಾಣಬಹುದು, ಕಾಣಲಿ. ಮೊದಲು ಚುರುಕಾದ ನಡಿಗೆ, ಆಮೇಲೆ ಓಟ, ಹೆಜ್ಜೆಗಳು ಗಿಡ್ಡ.

ಇನ್ನು ಕೂರುವುದು. ಬೆಂಗಳೂರಿನಲ್ಲಿ ಕೂರುವುದೆಂದರೆ ಕಚೇರಿಯ ಕುರ್ಚಿ ಮಾತ್ರವಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಕೂಡ. ಕಾರಿನ ತಗ್ಗು ಸೀಟಿನಲ್ಲಿ ಮಂಡಿ ಮೇಲೆ, ಸೊಂಟ ಕೆಳಗೆ; ಬಲಗಾಲು ಬ್ರೇಕಿನ ಮೇಲೆ; ನಡುವೆ ಬಣ್ಣ ಅಳಿಸಿಹೋದ ಹಂಪ್ ಬಂದು ಇಡೀ ಬೆನ್ನಿಗೆ ಒಂದು ಗುದ್ದು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ನಿಂತುಕೊಂಡೇ ಹೋಗುತ್ತೇನೆ. ಯಾರಾದರೂ ಮರ್ಯಾದೆಯಿಂದ ಸೀಟು ಬಿಟ್ಟುಕೊಡಲು ಬಂದರೆ, "ಬೇಡಪ್ಪ, ನೀನೇ ಕೂತುಕೋ" ಎಂದು ಒತ್ತಾಯಿಸುತ್ತೇನೆ. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನೀರಿನ ಲೋಟ ತುಂಬಿಸಿಕೊಂಡು ಬರುವವನು ಎಂದು ನನಗೆ ಹೆಸರಿದೆ.

ನನ್ನ ಮದ್ದು ಎಲ್ಲರಿಗೂ ಆಗುವುದಿಲ್ಲ. ಡಿಸ್ಕ್ ತೊಂದರೆ ಇರುವ ಅನೇಕರಿಗೆ ಭುಜಂಗಾಸನದಂತೆ ಹಿಂದಕ್ಕೆ ಬಾಗುವುದು ಹಿತ, ನನಗೂ ಹಾಗೆಯೇ. ವಯಸ್ಸಾದ ಮೇಲೆ ಬೆನ್ನುಹುರಿಯ ನಾಳ ಕಿರಿದಾದವರಿಗೆ ಇದು ತಿರುಗುಮುರುಗು: ಮುಂದಕ್ಕೆ ಬಾಗಿದರೇ ಆರಾಮ. ಆದ್ದರಿಂದ ಒಮ್ಮೆ ವೈದ್ಯರಿಗೆ ಅಥವಾ ಫಿಸಿಯೊಥೆರಪಿಸ್ಟರಿಗೆ ತೋರಿಸಿ ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳಿ. ವಾರಗಟ್ಟಲೆ ಮಲಗಿರಿ ಎಂದು ಈಗ ಯಾರೂ ಹೇಳುವುದಿಲ್ಲ. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ 6ರಿಂದ 12 ವಾರಗಳಲ್ಲಿ ಹಗುರವಾಗುತ್ತದೆ. ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದದ್ದನ್ನು ಓದಿ ನಿದ್ದೆಗೆಡುವುದೂ ಬೇಡ. ಒಂದಿಷ್ಟೂ ನೋವಿಲ್ಲದ ಅನೇಕರ ಬೆನ್ನಿನಲ್ಲಿಯೂ ಅಂಥ ಉಬ್ಬು ಕಾಣುತ್ತದೆ. ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಬಡಿಯತೊಡಗಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಹೆಚ್ಚಿನವರ ಕೊನೆಯ ಪ್ರಶ್ನೆ, ಓಟಕ್ಕೆ ಮೊದಲು ಒಂದು ನೋವಿನ ಮಾತ್ರೆ ನುಂಗಬಹುದೇ ಎಂದು. ನಾನು ನುಂಗುವುದಿಲ್ಲ. ನುಂಗಿದರೆ ನೋವು ಮೇಲೆ ಹೊರಟಿದೆಯೋ ಕೆಳಗೋ ಎಂಬುದು ತಿಳಿಯುವುದು ಕಚೇರಿಗೆ ಹೋಗಿ ಕುರ್ಚಿಯಲ್ಲಿ ಕುಳಿತ ಮೇಲೆಯೇ.