ಮಂಗಳವಾರ, ಝೂ ಗೇಟಿನ ಮುಂದೆ

"ನಂಗಾ?" ಅಂದರು ಆ ಅಮ್ಮ. ಸೌತೆಕಾಯಿ ಸೀಳುತ್ತಿದ್ದ ಚಾಕು ಅರ್ಧದಲ್ಲೇ ನಿಂತಿತು. ಕೇಳಿದ್ದು ತಮ್ಮನ್ನೇನಾ, ಇಲ್ಲ ಪಕ್ಕದಲ್ಲಿ ಇನ್ಯಾರಾದರೂ ಇದ್ದಾರಾ ಅನ್ನೋ ಹಾಗೆ ಒಂದು ಸಲ ಆಚೀಚೆ ನೋಡಿದರು. ನಾಲ್ಕು ದಿನ ಆಯ್ತು. ಅಡುಗೆಮನೆಯಲ್ಲಿ ನಿಂತಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಮಲಗಿದಾಗ ಅದೇ ಒಂದು ಮಾತು ಕಿವಿಯಲ್ಲಿದೆ. ನಂಗಾ?

ಕೇಳಿದ್ದು ನನ್ನ ತಂಗಿಯ ಮಗಳು ಪುಟ್ಟಿ. ಏಳು ವರ್ಷ. ಬೇಸಿಗೆ ರಜೆ ಅಂತ ಅಪ್ಪ, ಅಮ್ಮ, ತಮ್ಮನ ಜೊತೆ ಬೆಂಗಳೂರಿನಿಂದ ಬಂದಿದ್ದಳು. ಸೋಮವಾರ ಅರಮನೆ ಆಯ್ತು. ಮಂಗಳವಾರ ಝೂ, ಆಮೇಲೆ ಪಕ್ಕದಲ್ಲೇ ಕಾರಂಜಿ ಕೆರೆ ಅಂತ ತಂಗಿ ಗಂಡ ಬರೆದಿಟ್ಟುಕೊಂಡಿದ್ದರು. ಮಂಗಳವಾರ ಎರಡೂ ಬಾಗಿಲು ಹಾಕಿರುತ್ತೆ ಅಂತ ನಾನು ಹೇಳಿದೆ. ಮೈಸೂರಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. "ಇಲ್ಲ ಅಕ್ಕ, ರಜೆ ಟೈಮಲ್ಲಿ ಮಂಗಳವಾರಾನೂ ತೆಗೀತಾರೆ" ಅಂದರು. ಅದೂ ಸುಳ್ಳಲ್ಲ. ಬೇಸಿಗೆಯಲ್ಲಿ, ದಸರೆಯಲ್ಲಿ ಕೆಲವು ಮಂಗಳವಾರ ತೆಗೆದದ್ದು ಉಂಟು. ನೋಡೋಣ ಅಂತ ಹೊರಟೆವು.

ತೆಗೆದಿರಲಿಲ್ಲ.

ನಮ್ಮ ಹಾಗೇ ಬಂದವರು ಇನ್ನೂ ಒಂದಿಪ್ಪತ್ತು ಜನ ಇದ್ದರು. ಕೇರಳದಿಂದ ಬಂದ ಒಂದು ವ್ಯಾನು, ಹಾಸನದ ಕಡೆಯ ಒಂದು ದೊಡ್ಡ ಕುಟುಂಬ. ಕಾರಿನಿಂದ ಇಳಿದ ಒಬ್ಬ ಗಂಡಸು ವಾಚ್‌ಮನ್ ಮೇಲೆ ಕೂಗಾಡುತ್ತಿದ್ದ. ಇನ್ನೂರು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದೇವೆ, ಹಾಗೆ ಹೀಗೆ. ವಾಚ್‌ಮನ್ ಒಂದು ಮಾತೂ ಎದುರಾಡಲಿಲ್ಲ. "ನಾಳೆ ಬನ್ನಿ ಸಾರ್, ಎಂಟೂವರೆಗೆ ತೆಗೀತೀವಿ" ಅಂತ ಅಷ್ಟನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ತಾಳ್ಮೆಗೆ ನಾನು ಕೈ ಮುಗಿಯಬೇಕು ಅನ್ನಿಸಿತು. ಕೂಗಾಡಿದವನ ಬಗ್ಗೆ ನನಗೆ ಇನ್ನೂ ಕೋಪ ಇದೆ. ಮಕ್ಕಳ ಎದುರಿಗೆ ಹಾಗಾ ಮಾತಾಡೋದು?

ನಮ್ಮ ಚಿಕ್ಕವನು ಅಳೋದಕ್ಕೆ ಶುರು ಮಾಡಿದ. ಆನೆ ಬೇಕು, ಈಗಲೇ ಬೇಕು. ತಂಗಿ ಗಂಡ ಮೊಬೈಲು ತೆಗೆದು ಬೇರೆ ಜಾಗ ಹುಡುಕುತ್ತಾ ನಿಂತರು. ಒಳ್ಳೆಯ ಮನುಷ್ಯ, ಮಕ್ಕಳೆಂದರೆ ಪ್ರಾಣ. ಆದರೆ ಬರೆದುಕೊಂಡ ಹಾಗೆ ದಿನ ನಡೆಯದಿದ್ದರೆ ಅವರಿಗೆ ಕೈಕಾಲು ಆಡೋದಿಲ್ಲ.

ಆಗ ಕರೆದದ್ದು ಆ ಅಮ್ಮ. ಮರದ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮುಂದೆ ಬುಟ್ಟಿ ತುಂಬಾ ಸೌತೆಕಾಯಿ, ಮಾವಿನಕಾಯಿ, ಒಂದು ಡಬ್ಬಿಯಲ್ಲಿ ಉಪ್ಪುಖಾರ. "ಬಾ ಮಗಾ ಇಲ್ಲಿ, ಅಳ್ಬಾರ್ದು. ಇವತ್ತು ಮಂಗ್ಳಾರ ಅಲ್ವಾ, ಪ್ರಾಣಿಗೋಳ್ಗೂ ರಜಾ ಕಣಪ್ಪ. ದಿನಾ ಜನ ನೋಡಿ ನೋಡಿ ಅವ್ಕೂ ಸುಸ್ತಾಗಿರ್ತದೆ. ಮಲೀಕಂಡವೆ."

ಚಿಕ್ಕವನ ಅಳು ನಿಂತಿತು. ಆನೆ ಮಲಗಿದೆ ಅಂದರೆ ಅವನಿಗೆ ಅರ್ಥವಾಗುತ್ತೆ. ಗೇಟು ಹಾಕಿದೆ ಅಂದರೆ ಆಗೋದಿಲ್ಲ.

ನಾವೆಲ್ಲ ಒಂದೊಂದು ಸೌತೆಕಾಯಿ ತಗೊಂಡೆವು. ಪುಟ್ಟಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅವರು ಹೆಚ್ಚುವುದನ್ನೇ ನೋಡುತ್ತಿದ್ದಳು. ಆಮೇಲೆ ಸುಮ್ನೆ, ಹೋಂವರ್ಕ್ ಬಗ್ಗೆ ಕೇಳಿದ ಹಾಗೆ ಕೇಳಿದಳು.

"ಅಜ್ಜಿ, ನಿಮಗೆ ಯಾವತ್ತು ರಜೆ?"

"ನಂಗಾ?"

ಚಾಕು ನಿಂತಿತು. ಒಂದು ಗಳಿಗೆ ಆದ ಮೇಲೆ ನಕ್ಕರು. "ಮಳೆ ಬಂದ್ ದಿನ ರಜಾ ಕಣ್ ಮಗಾ."

ಇವತ್ತು ಝೂ ಇಲ್ಲ ಅಂತ ಗೊತ್ತಿದ್ದೂ ಯಾಕೆ ಬಂದಿರಿ ಅಂತ ನಾನು ಕೇಳಿದೆ. "ಗೊತ್ತಿಲ್ದೆ ಬರೋರು ಬತ್ತಾರಲ್ಲವ್ವ. ದೂರ್ ದೂರ್ದಿಂದ ಬಂದು ಬಿಸ್ಲಲ್ಲಿ ನಿಂತ್ಕತಾರೆ, ಮಕ್ಳು ಅಳ್ತವೆ. ಈಗ ಬಸ್ಸೂ ಫ್ರೀ ಅಲ್ವಾ, ಬತ್ತೀನಿ" ಅಂದರು. ಅಷ್ಟೇ ಅಲ್ಲ, ಯಾರು ಎಲ್ಲಿಗೆ ಹೋಗಬೇಕು ಅಂತ ಅಲ್ಲಿಂದಲೇ ಹೇಳಿ ಕಳಿಸುತ್ತಿದ್ದರು. ಹಾಸನದವರನ್ನು ಬೆಟ್ಟಕ್ಕೆ ಕಳಿಸಿದರು. ನಮಗೆ, "ಮಕ್ಳವೆ, ಈ ಬಿಸ್ಲಲ್ಲಿ ಬೆಟ್ಟ ಬ್ಯಾಡ. ಮಾರ್ಕೆಟ್ಗೋಗಿ, ಒಳ್ಗೆ ನೆಳ್ಳೈತೆ. ಸಂಜೆಗೆ ಕುಕ್ಕರಳ್ಳಿ ಕೆರೆಗೋಗಿ" ಅಂದರು. ತಂಗಿ ಗಂಡ ಮೊಬೈಲು ಜೇಬಿಗೆ ಹಾಕಿದರು.

ದೇವರಾಜ ಮಾರ್ಕೆಟ್ಟಿಗೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಸೊಪ್ಪು, ವೀಳ್ಯದೆಲೆ, ಹೂವು ತಗೊಂಡು ಕಾಲು ಗಂಟೆಯಲ್ಲಿ ಆಚೆ ಬರುತ್ತೇನೆ. ಅವತ್ತು ಎರಡೂವರೆ ಗಂಟೆ ಇದ್ದೆವು. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಕಾಲಿಟ್ಟ ತಕ್ಷಣ ಬಿಸಿಲು ಬಿಟ್ಟುಹೋಯಿತು. ಕುಂಕುಮ, ಅರಿಶಿನ, ನೀಲಿ, ಹಸಿರು ಬಣ್ಣಗಳ ಗೋಪುರಗಳ ಮುಂದೆ ಚಿಕ್ಕವನು ಉಸಿರು ಬಿಡದೆ ನಿಂತ. ಬಾಳೆಹಣ್ಣಿನ ಸಾಲಿನಲ್ಲಿ ರಸಬಾಳೆ ಯಾವುದು, ಪುಟ್ಟಬಾಳೆ ಯಾವುದು, ಚಂದ್ರಬಾಳೆ ಯಾವುದು ಅಂತ ಒಬ್ಬರು ಒಂದೊಂದೇ ಕಿತ್ತು ಮಕ್ಕಳ ಕೈಗೆ ಕೊಟ್ಟರು. ದುಡ್ಡು ಬೇಡ ಅಂದರು. ನಂಜನಗೂಡಿನ ರಸಬಾಳೆ ಈಗ ಎಷ್ಟು ಅಪರೂಪ ಅಂತ ಮೈಸೂರಿನವರಿಗೆ ಗೊತ್ತು. ಅದನ್ನು ಸುಮ್ಮನೆ ಮಗುವಿನ ಕೈಗೆ ಇಟ್ಟರಲ್ಲ.

ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆ ಬಂದಿತ್ತು. ತಂಗಿ ಎರಡು ಮೊಳ ಕೇಳಿದಳು. ಮೊಳ ಅಂದರೆ ಏನು ಅಂತ ಪುಟ್ಟಿಗೆ ಗೊತ್ತಿಲ್ಲ. ಹೂವಿನವರು ಅವಳ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವು ಹಿಡಿದು ತೋರಿಸಿದರು, ಆಮೇಲೆ ತಮ್ಮ ಕೈಯಲ್ಲಿ. "ನಿನ್ನ ಮೊಳದಲ್ಲಿ ಅಳೆದ್ರೆ ನಂಗೆ ಲಾಭ, ನನ್ನ ಮೊಳದಲ್ಲಿ ಅಳೆದ್ರೆ ನಿಂಗೆ ಲಾಭ. ಯಾವ್ದು ಬೇಕು?" ಅವಳು ಬಹಳ ಹೊತ್ತು ಯೋಚಿಸಿ, ಒಂದು ನನ್ನದು, ಒಂದು ನಿಮ್ಮದು ಅಂದಳು. ಕೊನೆಗೆ ಅವರು ತಮ್ಮ ಕೈಯಲ್ಲೇ ಎರಡು ಮೊಳ ಅಳೆದರು. ದಾರ ಕತ್ತರಿಸುವಾಗ ಅವಳು ಮತ್ತೆ ಕೇಳಿದಳು, "ಅಂಕಲ್, ನಿಮಗೆ ಯಾವತ್ತು ರಜೆ?"

"ಹೂವಿಗೆ ರಜೆ ಇಲ್ವಲ್ಲ ಪುಟ್ಟಿ. ಇವತ್ತು ಬಿಟ್ರೆ ನಾಳೆ ಬಾಡುತ್ತೆ."

ಅರಮನೆ ಹತ್ತಿರ ಮಕ್ಕಳನ್ನು ಟಾಂಗಾದಲ್ಲಿ ಒಂದು ಸುತ್ತು ಕರೆದುಕೊಂಡು ಹೋದಾಗಲೂ ಅದೇ ಪ್ರಶ್ನೆ. ಟಾಂಗಾದವರು ಕುದುರೆಯ ಬೆನ್ನು ತಟ್ಟಿ, ಇದಕ್ಕೆ ಹುಷಾರಿಲ್ಲದ ದಿನ ಟಾಂಗಾ ಕಟ್ಟೋದಿಲ್ಲ, ಆದರೆ ಅವತ್ತೇ ಕೆಲಸ ಜಾಸ್ತಿ ಅಂದರು. ತಂಗಿ ಮಗಳ ಕೈ ಜಗ್ಗಿ, ಎಲ್ಲರನ್ನೂ ಹಾಗೆಲ್ಲ ಕೇಳಬಾರದು ಅಂದಳು. ಕೇಳಲಿ ಬಿಡು ಅಂದೆ. ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ. ಎಲ್ಲರೂ ಉತ್ತರ ಕೊಡುವ ಮೊದಲು ಒಂದು ಗಳಿಗೆ ಸುಮ್ಮನಾಗಿದ್ದರು, ಅಷ್ಟೇ.

ಸಂಜೆ ಕುಕ್ಕರಹಳ್ಳಿ ಕೆರೆ. ಇಲ್ಲಿ ನಾನು ಅಪ್ಪನ ವಿಷಯ ಹೇಳಲೇಬೇಕು. ಅಪ್ಪ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಿಗೆ ವಾರದ ರಜೆ ಮಂಗಳವಾರ. ಭಾನುವಾರ ನಮಗೆ ರಜೆ, ಅವರಿಗೆ ಇಲ್ಲ. ಹಾಗಾಗಿ ಅಪ್ಪನ ಜೊತೆ ತಿರುಗಾಟ ಅಂದರೆ ಬೇಸಿಗೆ ರಜೆಯ ಮಂಗಳವಾರಗಳು ಮಾತ್ರ. ಮಂಗಳವಾರ ಝೂ ಇಲ್ಲ. ಅಮ್ಮನ ಜೊತೆ ನೋಡಿದ್ದೇವೆ, ಶಾಲೆಯಿಂದ ಸಾಲಾಗಿ ಹೋಗಿ ನೋಡಿದ್ದೇವೆ, ಅಪ್ಪನ ಜೊತೆ ಒಂದು ಸಲವೂ ಇಲ್ಲ. ಅವರು ನಮ್ಮಿಬ್ಬರ ಕೈ ಹಿಡಿದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಸುತ್ತಿದ್ದರು. ಈ ಕೆರೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ ಅನ್ನುತ್ತಿದ್ದರು. ಕುವೆಂಪು ಇಲ್ಲೇ ನಡೆಯುತ್ತಿದ್ದರು, ಆಚೆ ಕಾಣುವ ಮಾನಸಗಂಗೋತ್ರಿಗೆ ಹೆಸರಿಟ್ಟವರೂ ಅವರೇ ಅನ್ನುತ್ತಿದ್ದರು. ಪ್ರತಿ ಸಲ ಅದೇ ಮಾತು. ನಮಗೆ ಬಾಯಿಪಾಠ ಆಗಿತ್ತು. ಆದರೂ ಅವರೇ ಹೇಳಲಿ ಅಂತ ಕಾಯುತ್ತಿದ್ದೆವು.

ಅವತ್ತು ನೀರಿನ ಮಧ್ಯದ ಮರದ ಮೇಲೆ ಹೆಜ್ಜಾರ್ಲೆಗಳು ಕೂತಿದ್ದವು. ಒಂದು ರೆಕ್ಕೆ ಬಿಚ್ಚಿ ನೀರಿನ ಮೇಲೆ ತೇಲಿ ಬಂತು. ಅಷ್ಟು ದೊಡ್ಡ ಹಕ್ಕಿಯನ್ನು ಚಿಕ್ಕವನು ಬೇಲಿ, ಬಲೆ ಏನೂ ಇಲ್ಲದೆ ಯಾವತ್ತೂ ನೋಡಿರಲಿಲ್ಲ. "ದೊಡ್ಡಮ್ಮ, ಇದು ತಪ್ಪಿಸ್ಕೊಂಡು ಬಂದಿದೆಯಾ?" ಅಂದ. ಇಲ್ಲ ಕಂದ, ಇದು ಇದರದ್ದೇ ಮನೆ ಅಂದೆ. ತಂಗಿ ನನ್ನ ಕಡೆ ನೋಡಿದಳು. ಆಮೇಲೆ ಮಗಳ ಕೈ ಹಿಡಿದು, "ಈ ಕೆರೆ ಕಟ್ಟಿಸಿದ್ದು ಯಾರು ಗೊತ್ತಾ, ಮುಮ್ಮಡಿ..." ಅಂತ ಶುರು ಮಾಡಿದಳು. ನನಗೆ ಗಂಟಲು ಕಟ್ಟಿತು. ಸ್ವಲ್ಪ ಹಿಂದೆ ಉಳಿದೆ.

ಬುಧವಾರ ಅವರು ಊರಿಗೆ ಹೋದರು. ಮನೆ ಖಾಲಿ ಆಯ್ತು. ಆಗಿನಿಂದ ಆ ಮಾತು ಹಿಡಿದುಕೊಂಡಿದೆ.

ಅಪ್ಪನಿಗೆ ಒಂದು ಮಂಗಳವಾರ ಇತ್ತು. ಅದೇನು ಅಂಗಡಿಯವರ ದೊಡ್ಡ ಮನಸ್ಸಲ್ಲ. ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಂದು ರಜೆ ಕೊಡಲೇಬೇಕು ಅಂತ ನಮ್ಮ ರಾಜ್ಯದಲ್ಲಿ 1961ರಲ್ಲೇ ಕಾಯ್ದೆ ಆಗಿದೆ. ಆ ಒಂದು ದಿನದಿಂದಲೇ ನನಗೂ ತಂಗಿಗೂ ಕೆರೆ ಗೊತ್ತು, ಮಾರ್ಕೆಟ್ ಗೊತ್ತು, ಅಪ್ಪನ ದನಿ ಗೊತ್ತು. ಬೀದಿಯಲ್ಲಿ ಕೂತು ಮಾರುವವರಿಗೂ 2014ರಲ್ಲಿ ಒಂದು ಕಾನೂನು ಬಂತು. ಏಕಾಏಕಿ ಎಬ್ಬಿಸಬಾರದು, ಗುರುತಿನ ಚೀಟಿ ಕೊಡಬೇಕು ಅಂತೆಲ್ಲ ಇದೆ. ಒಳ್ಳೆಯದೇ. ಆದರೆ ಜಾಗ ಸಿಕ್ಕರೂ ದಿನ ಸಿಗೋದಿಲ್ಲ ಅವರಿಗೆ. ಕೂರದ ದಿನ ದುಡ್ಡಿಲ್ಲ. ಆ ರಜೆಯನ್ನು ಅವರಿಗೆ ಯಾರು ಕೊಡಬೇಕು? ನನಗೂ ಉತ್ತರ ಹೊಳೆಯುತ್ತಿಲ್ಲ. ಹೊಳೆಯದೆ ಸಂಕಟ ಆಗುತ್ತಿದೆ.

ನಮ್ಮ ಊರಿನವರಿಗೆ ಎಲ್ಲದರ ವೇಳೆಯೂ ಗೊತ್ತು. ಅರಮನೆ ದೀಪ ಭಾನುವಾರ ಸಂಜೆ ಏಳಕ್ಕೆ. ಝೂ ಮಂಗಳವಾರ ಇಲ್ಲ. ನೆಂಟರು ಬಂದರೆ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಹೆಮ್ಮೆಯಿಂದಲೇ ಹೇಳುತ್ತೇವೆ. ಭಾನುವಾರ ಏಳು ಗಂಟೆಗೆ ಸುಮಾರು ತೊಂಬತ್ತೇಳು ಸಾವಿರ ಬಲ್ಬು ಒಟ್ಟಿಗೆ ಹೊತ್ತುವಾಗ ಎಲ್ಲರ ಬಾಯಲ್ಲೂ ಒಂದು "ಹಾ" ಬರುತ್ತಲ್ಲ, ಆ ಜನರ ನಡುವೆ ಕಡ್ಲೆಕಾಯಿ ಮಾರುವವರು, ಬಲೂನು ಹಿಡಿದವರು ಇರುತ್ತಾರೆ. ಅವರು ಅರಮನೆ ಕಡೆ ನೋಡುವುದೇ ಇಲ್ಲ. ನಮ್ಮ ಕಡೆ ನೋಡುತ್ತಿರುತ್ತಾರೆ, ಯಾವ ಮಗು ಕೈ ಚಾಚುತ್ತೆ ಅಂತ. 2016ರಲ್ಲಿ ದೇಶಕ್ಕೇ ಸ್ವಚ್ಛ ನಗರ ಅಂತ ಮೈಸೂರಿಗೆ ಮೊದಲ ಸ್ಥಾನ ಬಂದಾಗ ನಾವೆಲ್ಲ ಎಷ್ಟು ಖುಷಿಪಟ್ಟೆವು. ಬೆಳಗಿನ ಜಾವ ಬೀದಿ ಗುಡಿಸುವವರನ್ನು, ನಿಮಗೆ ಯಾವತ್ತು ರಜೆ ಅಂತ ನಾನು ಕೇಳಿದ್ದೇನಾ? ಇಲ್ಲ. ಎಷ್ಟು ವರ್ಷದಿಂದ ಅದೇ ಗೇಟಿನ ಮುಂದೆ ಸೌತೆಕಾಯಿ ತಿಂದಿದ್ದೇನೆ. ಕೇಳಲಿಲ್ಲ. ಏಳು ವರ್ಷದ ಮಗು ಬಂದು ಕೇಳಬೇಕಾಯ್ತು.

ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆಯ ಊರು ಅಂದರೆ ಯಾವುದು ಅಂತ ಈ ನಾಲ್ಕು ದಿನ ಬಹಳ ಯೋಚನೆ ಮಾಡಿದ್ದೇನೆ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಝೂ ಶುರು ಮಾಡಿದ್ದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅದರ ಬಾಗಿಲು ಹಾಕಿದ್ದ ದಿನ ನಮ್ಮ ಮಕ್ಕಳನ್ನು ನೋಡಿಕೊಂಡವರು ಯಾರು? ಅಳುವ ಮಗುವನ್ನು ಹತ್ತಿರ ಕರೆದವರು, ಬಾಳೆಹಣ್ಣು ಕೈಗಿಟ್ಟವರು, ಮೊಳ ಕಲಿಸಿದವರು. ಇವರ ಯಾರ ಹೆಸರೂ ನನಗೆ ಗೊತ್ತಿಲ್ಲ. ಅವರ ಮನೆಯ ಮಕ್ಕಳನ್ನು ಯಾರು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಯಾವ ದಿನ?

ನಿನ್ನೆ ಶುಕ್ರವಾರ ಮಧ್ಯಾಹ್ನ ಮೋಡ ಕಟ್ಟಿತು. ನಾಲ್ಕೂವರೆಗೆಲ್ಲ ಗಾಳಿ, ಗುಡುಗು, ಆಮೇಲೆ ಜೋರು ಮಳೆ. ಕೆಲಸ ಮುಗಿಸಿ ಮನೆಗೆ ಹೋಗುವವಳು ಬೇಕಂತಲೇ ಝೂ ಕಡೆಯ ಬಸ್ಸು ಹತ್ತಿದೆ. ಆ ಜಾಗ ಖಾಲಿ ಇರಲಿ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಖಾಲಿ ಇರಲಿಲ್ಲ. ಮರದ ಕೆಳಗಿಂದ ಸ್ವಲ್ಪ ಆಚೆ, ಒಂದು ಸೂರಿನ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ತಲೆ ಮೇಲೆ ಗೋಣಿಚೀಲ. ಬುಟ್ಟಿಗೆ ನೀಲಿ ಪ್ಲಾಸ್ಟಿಕ್ ಹೊದಿಸಿ ಕಾಲ ಹತ್ತಿರ ಇಟ್ಟುಕೊಂಡಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಗುರುತು ಸಿಗಲಾರದು ಅಂದುಕೊಂಡಿದ್ದೆ.

"ಆ ಮಗ ಊರ್ಗೋಯ್ತಾ?" ಅಂದರು.

ಹೋದರು ಅಮ್ಮ, ಬುಧವಾರವೇ ಹೋದರು ಅಂದೆ. ಮಳೆ ಬಂತಲ್ಲ, ಇವತ್ತು ನಿಮಗೆ ರಜೆ ಅಲ್ವಾ ಅಂತ ಕೇಳೋಣ ಅಂದುಕೊಂಡಿದ್ದು ಬಾಯಿಗೆ ಬರಲಿಲ್ಲ. ಒಳಗೆ ಹೋಗಿ ಯಾವತ್ತಾದರೂ ನೋಡಿದ್ದೀರಾ ಅಂತ ಕೇಳಿದೆ. "ನಮ್ ಹುಡ್ಗ ಚಿಕ್ಕೋನಿದ್ದಾಗ ಒಂದ್ಸಲ ಹೋಗಿದ್ದೆ. ಜಿರಾಫೆ ನೋಡ್ದೆ. ಅಷ್ಟೆತ್ತರ್ದಿಂದ ಬಗ್ಗಿ ನನ್ನೇ ನೋಡ್ತು" ಅಂದರು. ಅದನ್ನು ಹೇಳುವಾಗ ಅವರ ಮುಖ ಮಗುವಿನ ಮುಖದ ಹಾಗೆ ಆಗಿತ್ತು. "ಆ ಮಗೀನ ಮತ್ತೆ ಕರ್ಕಂಬಾ ಅವ್ವ. ಮಂಗ್ಳಾರ ಮಾತ್ರ ಬ್ಯಾಡ."

ಮಳೆ ಸ್ವಲ್ಪ ಕಮ್ಮಿ ಆಯ್ತು. ಗೇಟಿನಿಂದ ಜನ ತಲೆ ಮೇಲೆ ಕೈಚೀಲ ಹಿಡಿದುಕೊಂಡು, ಮಕ್ಕಳನ್ನು ಎತ್ತಿಕೊಂಡು ಓಡಿ ಬರುತ್ತಿದ್ದರು. ಆ ಅಮ್ಮ ತಲೆಯ ಗೋಣಿಚೀಲ ಕೊಡವಿ ಕೆಳಗೆ ಹಾಸಿ, ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ತೆಗೆದರು.