ಎರಡು ಡೇರೆಗಳು: ಶ್ರಾಪ್‌ಶೈರಿನ ನಾಲ್ಕು ದಿನ

ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ, ಲಾಂಗ್ ಮಿಂಡ್ ಗುಡ್ಡಸಾಲಿನ ಮಗ್ಗುಲಲ್ಲಿ ಡೇರೆ ಹಾಕಿದ ಮೊದಲ ರಾತ್ರಿಯೇ ಗಾಳಿ, ಮಳೆ ಒಟ್ಟಿಗೆ ಬಂದವು. ಡೇರೆಯ ಜೊತೆ ಕೊಟ್ಟಿದ್ದ ತೆಳ್ಳನೆಯ ತಂತಿಗೂಟಗಳು ಆ ಕಲ್ಲುನೆಲದಲ್ಲಿ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಬಾಗಿದ್ದವು. ನಡುರಾತ್ರಿ ಒಂದೊಂದಾಗಿ ಕಿತ್ತುಬಂದು, ಮೇಲುಹೊದಿಕೆ ಒಳಬಟ್ಟೆಗೆ ಅಂಟಿಕೊಂಡು, ಮಗಳ ಹಾಸಿಗೆಯ ಕಾಲ್ದೆಸೆಯೆಲ್ಲ ತೊಯ್ದುಹೋಯಿತು. ಇತ್ತ ಬರುವವರು ದಪ್ಪ ಉಕ್ಕಿನ ಗೂಟಗಳನ್ನೂ ಒಂದು ಸುತ್ತಿಗೆಯನ್ನೂ ಮನೆಯಿಂದಲೇ ತರುವುದು ಒಳ್ಳೆಯದು. ಬೆಳಿಗ್ಗೆ ಶ್ರೂಸ್‌ಬರಿಯಲ್ಲಿ ಅವುಗಳಿಗೆ ನಾನು ತೆತ್ತ ಬೆಲೆಯನ್ನು ಹೆಂಡತಿಗೆ ಇನ್ನೂ ಸರಿಯಾಗಿ ಹೇಳಿಲ್ಲ.

ಹಿಂದಿನ ದಿನ, ಬರುವ ದಾರಿಯಲ್ಲಿ, ಸೆವರ್ನ್ ನದಿಗೆ 1779ರಲ್ಲಿ ನಿಲ್ಲಿಸಿದ ಎರಕದ ಕಬ್ಬಿಣದ ಸೇತುವೆಯನ್ನು ನೋಡಿದ್ದೆವು. ಕಬ್ಬಿಣದಲ್ಲಿ ಅಷ್ಟು ದೊಡ್ಡ ಸೇತುವೆಯನ್ನು ಯಾರೂ ಕಟ್ಟಿರದ ಕಾಲವಾದ್ದರಿಂದ, ಮೂರನೆಯ ಅಬ್ರಹಾಂ ಡಾರ್ಬಿಯ ಕೆಲಸಗಾರರು ಬಡಗಿಗಳು ಮರ ಜೋಡಿಸುವ ರೀತಿಯಲ್ಲೇ ಕಚ್ಚು ಕೂಡಿಸಿ, ಬೆಣೆ ಹೊಡೆದು ಅದನ್ನು ನಿಲ್ಲಿಸಿದ್ದಾರೆ. ರಾಜಮನೆತನದವರೂ ಸುಂಕ ಕೊಡಬೇಕೆಂದು ಬರೆದಿರುವ ಅಲ್ಲಿನ ಹಲಗೆ ನನಗೆ ಸೇತುವೆಯಷ್ಟೇ ಹಿಡಿಸಿತು. ಲಡ್ಲೋ ಕೋಟೆಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಸ್ಟೋಕ್‌ಸೇಯ ಹಳದಿ ಬಣ್ಣದ ಮರಗೆಲಸದ ಹೆಬ್ಬಾಗಿಲಿನ ಮುಂದೆ ಅದು ಸಪ್ಪೆ.

ಗೂಟ ಕೊಂಡು ಹೊರಟರೆ ಶ್ರೂಸ್‌ಬರಿಯ ಚೌಕದಲ್ಲಿ ಕಂಚಿನ ರಾಬರ್ಟ್ ಕ್ಲೈವ್ ನಿಂತಿದ್ದ. ಅವನು 1725ರಲ್ಲಿ ಹುಟ್ಟಿದ್ದು ಇದೇ ಸೀಮೆಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಅವನ ಮಗ ಎಡ್ವರ್ಡ್. ಆ ಜಾಡು ಹಿಡಿದೇ ಮರುದಿನ ನಾವು ಗಡಿ ದಾಟಿ, ವೇಲ್ಸಿನ ಪೊವಿಸ್ ಕೋಟೆಗೆ ಹೋದದ್ದು.

ಅಲ್ಲಿ ಟಿಪ್ಪುವಿನ ಡೇರೆ ಇದೆ. ಬಿಳಿಯ ಹತ್ತಿಬಟ್ಟೆಯ ಮೇಲೆ ಕಮಾನುಗಳು, ಕಮಾನಿನೊಳಗೆ ಹೂದಾನಿ, ಅದರಿಂದ ಎಡಕ್ಕೂ ಬಲಕ್ಕೂ ಸಮನಾಗಿ ಬಾಗಿದ ಕೆಂಪು ಹೂಗಳು, ಹಸಿರೆಲೆಗಳು. ಇನ್ನೂರು ವರ್ಷ ದಾಟಿದ ಚೀಟಿಬಟ್ಟೆ ಅದು. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯ ದಾರಿಯ ಮಂಡ್ಯದಲ್ಲಿ ಬೆಳೆದ ನಾನು ಇದನ್ನು ನೋಡಲು ಇಷ್ಟು ದೂರ ಬರಬೇಕಾಯಿತಲ್ಲ ಎಂದು ಅಲ್ಲೇ ನಿಂತುಬಿಟ್ಟೆ.

ಕಾವಲಿಗಿದ್ದ ಹಿರಿಯ ಮಹಿಳೆ ಯಾವ ಊರೆಂದು ಕೇಳಿದರು. ಹೇಳಿದೆ.

“ಸೆರಿಂಗಪಟಮ್ಮಿಗೆ ಹತ್ತಿರವೇ?”

“ಶ್ರೀರಂಗಪಟ್ಟಣ,” ಎಂದೆ. ಅವರು ಮೂರು ಸಲ ಹೇಳಿ ನೋಡಿದರು. ಮೂರನೆಯ ಸಲ ಹೆಚ್ಚುಕಡಿಮೆ ಬಂತು. ಅಷ್ಟರಲ್ಲಿ ಮಗಳು ನನ್ನ ತೋಳು ಜಗ್ಗಿ, “ಅಪ್ಪಾ, ಇದು ಸೋರ್ತಿತ್ತಾ ಕೇಳು,” ಎಂದಳು. ಕೇಳಿದೆ. ಅವರು ಜೋರಾಗಿ ನಕ್ಕು, ಈ ಪ್ರಶ್ನೆ ತಮಗೆ ಹೊಸದೆಂದು ಒಪ್ಪಿಕೊಂಡು, ಎಡ್ವರ್ಡನ ಹೆಂಡತಿ ಹೆನ್ರಿಯೆಟ್ಟಾಳ ಕಥೆ ತೆಗೆದರು. ಆಕೆ 1800ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿದ್ದಳಂತೆ.

“ಆ ಹುಡುಗೀರೂ ಡೇರೇಲಿ ಮಲಗ್ತಿದ್ರಾ?”

ಹೌದಂತೆ.

ಸಂಜೆ ನಾನು ಹೊಸ ಗೂಟಗಳನ್ನು ಬಡಿಯುತ್ತಿದ್ದಾಗ ಅವಳು ಒಳಗೆ ಅಂಗಾತ ಮಲಗಿ ಬೂದುಬಣ್ಣದ ನೈಲಾನನ್ನೇ ನೋಡುತ್ತಿದ್ದಳು. “ಇದರಲ್ಲಿ ಒಂದು ಹೂವೂ ಇಲ್ಲ,” ಎಂದಳು.