ಥಾಯ್ ಊಟ: ಖಾರಕ್ಕಿಂತ ಮೊದಲು ಉಪ್ಪನ್ನು ವಿಚಾರಿಸಿ

ಥಾಯ್ಲೆಂಡಿಗೆ ಹೊರಡುವ ಮುನ್ನ ನಮಗೆ ಬುದ್ಧಿ ಹೇಳಿದವರೆಲ್ಲ ಅಲ್ಲಿನ ಖಾರದ ಬಗ್ಗೆಯೇ ಎಚ್ಚರಿಸಿದ್ದರು. ಏಪ್ರಿಲ್ ಕೊನೆಯಲ್ಲಿ ಬ್ಯಾಂಕಾಕ್ ಹಾಗೂ ಚಿಯಾಂಗ್ ಮಾಯ್ ನಗರಗಳಲ್ಲಿ ಒಂಬತ್ತು ದಿನ ಉಂಡು ಬಂದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಸೂಜಿಮೆಣಸಿನ ಗೊಜ್ಜು ತಿಂದು ಬೆಳೆದ ನಾಲಿಗೆಗೆ ಅಲ್ಲಿನ ಖಾರ ಜೋರೆನಿಸಬಹುದೇ ಹೊರತು ಅಪರಿಚಿತವೆನಿಸುವುದಿಲ್ಲ. ನಮಗೆ ನಿಜಕ್ಕೂ ಹೊಸದಾಗಿ ಕಾಣುವುದು ಅಲ್ಲಿನ ಉಪ್ಪು ಮತ್ತು ಅಲ್ಲಿನ ಹುಳಿ. ಈ ಎರಡನ್ನು ಮೊದಲೇ ಅರ್ಥ ಮಾಡಿಕೊಂಡು ಹೋದರೆ ಮೊದಲ ದಿನದಿಂದಲೇ ಊಟ ರುಚಿಸುತ್ತದೆ.

ನಾವು ಹೋದದ್ದು ನಾಲ್ವರು. ಕರಾವಳಿಯವರಾದ ನಾನು ಮತ್ತು ನನ್ನ ಪತ್ನಿ ಮೀನು ತಿನ್ನುತ್ತೇವೆ. ಜೊತೆಗಿದ್ದ ಸ್ನೇಹಿತ ಮತ್ತು ಅವನ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು. ಆದ್ದರಿಂದ ಎರಡೂ ಬಗೆಯವರ ಅನುಭವ ಇಲ್ಲಿದೆ.

ಹುಳಿಯ ವಿಷಯವನ್ನು ಮೊದಲು ಹೇಳುತ್ತೇನೆ. ಸಾರು ಮಾಡುವಾಗ ಹುಣಸೆರಸದ ಹಸಿವಾಸನೆ ಹೋಗುವವರೆಗೆ ಕುದಿಸಬೇಕೆಂದು ನಮ್ಮ ಮನೆಗಳಲ್ಲಿ ಕಲಿಸುತ್ತಾರೆ. ಥಾಯ್ ಅಡುಗೆಯವರು ಆ ಹಸಿತನವನ್ನೇ ಉಳಿಸಿಕೊಳ್ಳಲು ಬಯಸುತ್ತಾರೆ. ಯುನೆಸ್ಕೊ 2024ರ ಡಿಸೆಂಬರಿನಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ‘ತೊಮ್ ಯಮ್ ಕುಂಗ್’ ಎಂಬ ಸಿಗಡಿ ಸಾರಿನಲ್ಲಿ ನಿಂಬೆರಸವನ್ನು ಪಾತ್ರೆ ಒಲೆಯಿಂದ ಇಳಿದ ಮೇಲೆ ಹಿಂಡುತ್ತಾರೆ. ಹೀಗಾಗಿ ಮೊದಲ ಚಮಚದಲ್ಲಿ ಹುಳಿ ನೇರವಾಗಿ ಹಲ್ಲಿಗೆ ತಾಗುತ್ತದೆ. ಅದರ ಹಿಂದೆಯೇ ಮಜ್ಜಿಗೆಹುಲ್ಲಿನ ಮತ್ತು ಹೇರಳೆ ಎಲೆಯನ್ನು ನೆನಪಿಸುವ ಒಂದು ನಿಂಬೆಜಾತಿಯ ಎಲೆಯ ಪರಿಮಳ ಏಳುತ್ತದೆ. ಗಂಟಲಿಗಿಳಿಯುವ ಹೊತ್ತಿಗೆ ಖಾರ ಮುಟ್ಟುತ್ತದೆ. ಒಗ್ಗರಣೆಯ ಘಮವನ್ನು ಹುಡುಕುವ ನಮ್ಮ ಮೂಗಿಗೆ ಮೊದಲು ಇದು ಅರೆಬೆಂದ ಅಡುಗೆಯಂತೆ ತೋರಿದರೂ ಮೂರನೆಯ ಚಮಚದ ಹೊತ್ತಿಗೆ ಅದರ ಲೆಕ್ಕ ಹಿಡಿಯುತ್ತದೆ. ಸಾರಿನಲ್ಲಿ ತೇಲುವ ಹುಲ್ಲಿನ ತುಂಡು, ಎಲೆ ಮತ್ತು ‘ಖಾ’ ಎಂಬ ಶುಂಠಿಜಾತಿಯ ಗಡ್ಡೆಯ ಬಿಲ್ಲೆಗಳನ್ನು ಅಗಿಯಬೇಡಿ. ನಾವು ಕರಿಬೇವನ್ನು ತಟ್ಟೆಯಂಚಿಗೆ ಸರಿಸುವಂತೆ ಅಲ್ಲಿನವರೂ ಅವನ್ನು ಪಕ್ಕಕ್ಕಿಡುತ್ತಾರೆ.

ಇನ್ನು ಉಪ್ಪು. ಥಾಯ್ ಅಡುಗೆಮನೆಯಲ್ಲಿ ಉಪ್ಪಿನ ಜಾಗದಲ್ಲಿ ಬಹುಪಾಲು ಕೂತಿರುವುದು ‘ನಾಮ್ ಪ್ಲಾ’, ಅಂದರೆ ಸಣ್ಣ ಮೀನುಗಳನ್ನು ಸಮುದ್ರದ ಉಪ್ಪಿನೊಂದಿಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹುಳಿಯಲು ಬಿಟ್ಟು ಸೋಸಿ ತೆಗೆದ ಕಂದು ಬಣ್ಣದ ರಸ. ಬಾಟಲಿಯ ಮುಚ್ಚಳ ತೆರೆದಾಗ ಬರುವ ವಾಸನೆ ಕಟುವಾದದ್ದು. ಬಿಸಿ ಅಡುಗೆಯಲ್ಲಿ ಬೆರೆತ ಮೇಲೆ ಆ ವಾಸನೆ ಅಡಗಿ ಒಂದು ಆಳವಾದ ರುಚಿ ಮಾತ್ರ ಉಳಿಯುತ್ತದೆ. ಇದರ ಜೊತೆಗೆ ‘ಕಪಿ’ ಎಂಬ ಸಿಗಡಿಯ ಹುದುಗು ಮುದ್ದೆಯನ್ನು ಹಸಿರು, ಕೆಂಪು ಕರಿಗಳ ಮಸಾಲೆಯಲ್ಲಿಯೇ ಅರೆದಿರುತ್ತಾರೆ. ಒಣಸಿಗಡಿ ಚಟ್ನಿ ತಿಂದು ಬೆಳೆದ ನನಗೆ ಈ ರುಚಿ ದೂರದ ನಂಟನಂತೆ ಕಂಡಿತು. ಸಸ್ಯಾಹಾರಿಗಳಿಗೆ ಮಾತ್ರ ಇಲ್ಲಿಯೇ ನಿಜವಾದ ಕಷ್ಟ ಎದುರಾಗುತ್ತದೆ.

ಎರಡನೆಯ ದಿನ ಮಧ್ಯಾಹ್ನ ಒಂದು ಸಣ್ಣ ಊಟದ ಮನೆಯಲ್ಲಿ ಸ್ನೇಹಿತನು ಬರೀ ತರಕಾರಿ ಸಾಕೆಂದು ಸನ್ನೆಯಲ್ಲಿ ತಿಳಿಸಿದ. ಬಂದದ್ದು ಬೆಳ್ಳುಳ್ಳಿ ಹಾಕಿ ಹುರಿದ ಹಸಿರು ಸೊಪ್ಪಿನ ಪಲ್ಯ. ಎರಡು ತುತ್ತು ತಿಂದ ಮೇಲೆ ಅವನ ಮುಖ ಬದಲಾಯಿತು. ವಿಚಾರಿಸಿದಾಗ ಅದರಲ್ಲಿ ಸಿಂಪಿಯ ಸಾಸ್ ಮತ್ತು ನಾಮ್ ಪ್ಲಾ ಎರಡೂ ಇದ್ದವು. ಅಂಗಡಿಯಾಕೆಯ ತಪ್ಪೇನೂ ಇರಲಿಲ್ಲ. ನಾವು ಕೇಳಿದ್ದು ತರಕಾರಿ, ಅವರು ಕೊಟ್ಟದ್ದೂ ತರಕಾರಿಯೇ. ಸ್ನೇಹಿತನಿಗೆ ಆ ದಿನ ಮತ್ತೇನೂ ಸೇರಲಿಲ್ಲ. ಹೊರಡುವ ಮೊದಲೇ ನಾನು ಇದನ್ನು ತಿಳಿದುಕೊಂಡಿರಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆದ್ದರಿಂದ ಸಸ್ಯಾಹಾರಿಗಳು ಒಂದು ಪದವನ್ನು ಬಾಯಿಪಾಠ ಮಾಡಿಕೊಂಡೇ ಹೋಗಬೇಕು: ‘ಜೇ’. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟ ಚೀನೀ ಮೂಲದ ವ್ರತದ ಅಡುಗೆಗೆ ಆ ಹೆಸರಿದೆ. ಜೈನರಿಗೂ ನಮ್ಮಲ್ಲಿ ಕಟ್ಟುನಿಟ್ಟಿನ ಮಡಿಯವರಿಗೂ ಇದಕ್ಕಿಂತ ಸಮೀಪವಾದದ್ದು ಅಲ್ಲಿ ಸಿಗಲಾರದು. ಹಳದಿ ಬಟ್ಟೆಯ ಅಥವಾ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ, 17 ಎಂಬ ಅಂಕಿಯನ್ನು ಹೋಲುವ ಥಾಯ್ ಅಕ್ಷರಗಳು ಕಂಡರೆ ಅದು ಜೇ ಅಂಗಡಿ. ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಬರುವ ಒಂಬತ್ತು ದಿನಗಳ ಜೇ ಹಬ್ಬದಲ್ಲಿ ಬ್ಯಾಂಕಾಕಿನ ಯಾವರಾತ್ ಬೀದಿಯಲ್ಲೂ ಫುಕೆಟ್ ಪಟ್ಟಣದಲ್ಲೂ ಈ ಹಳದಿ ಬಾವುಟಗಳೇ ತುಂಬಿರುತ್ತವೆ. ಸಸ್ಯಾಹಾರಿ ಕುಟುಂಬಗಳು ಪ್ರವಾಸವನ್ನು ಆ ದಿನಗಳಿಗೆ ಹೊಂದಿಸಿಕೊಳ್ಳುವುದು ಒಳ್ಳೆಯದು. ‘ಮಂಗ್ಸವಿರತ್’ ಎಂಬ ಇನ್ನೊಂದು ಪದವೂ ಇದೆ. ಕಿವಿಗೊಟ್ಟು ಕೇಳಿದರೆ ಅದು ನಮ್ಮ ‘ಮಾಂಸವಿರತಿ’ಯೇ, ಹಾಗೆಯೇ ಅವರ ‘ಆಹಾನ್’ ನಮ್ಮ ಆಹಾರವೇ. ಆದರೆ ಮಂಗ್ಸವಿರತ್ ಅಡುಗೆಯಲ್ಲಿ ಮೊಟ್ಟೆ ಇರಬಹುದಾದ್ದರಿಂದ ಜೇ ಎಂಬ ಪದವೇ ಹೆಚ್ಚು ಭದ್ರ. ಸಾಮಾನ್ಯ ಅಂಗಡಿಯಲ್ಲಿ ತಿನ್ನಬೇಕಾಗಿ ಬಂದರೆ ‘ಮಾಯ್ ಸಾಯ್ ನಾಮ್ ಪ್ಲಾ’, ಅಂದರೆ ಮೀನಿನ ರಸ ಹಾಕಬೇಡಿ ಎಂದು ಹೇಳಿ. ಇಷ್ಟನ್ನೂ ಥಾಯ್ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು, ಏಕೆಂದರೆ ಸ್ವರದ ಏರಿಳಿತ ತಪ್ಪಿದರೆ ಪದದ ಅರ್ಥವೇ ಬದಲಾಗುವ ಭಾಷೆ ಅದು.

ರುಚಿಯನ್ನು ಹೇಗೆ ಹೊಂದಿಸುತ್ತಾರೆಂಬುದನ್ನು ಕಣ್ಣಾರೆ ನೋಡಬೇಕೆಂದರೆ ‘ಸೊಮ್ ತಮ್’ ಮಾಡುವವರ ಗಾಡಿಯ ಮುಂದೆ ಐದು ನಿಮಿಷ ನಿಲ್ಲಿ. ಹಸಿ ಪರಂಗಿಕಾಯಿಯ ಎಳೆಗಳಿಂದ ಮಾಡುವ ಕೋಸಂಬರಿಯಂಥ ತಿನಿಸು ಅದು. ನಾವು ನಿಂತ ಗಾಡಿಯಲ್ಲಿದ್ದ ಹೆಂಗಸು ಎಷ್ಟು ಮೆಣಸಿನಕಾಯಿ ಎಂದು ಬೆರಳೆತ್ತಿ ಕೇಳಿದರು. ನಾನು ಎರಡು ಬೆರಳು ತೋರಿಸಿದೆ. ಮಣ್ಣಿನ ಒರಳಿಗೆ ಬೆಳ್ಳುಳ್ಳಿ ಮತ್ತು ಮೆಣಸಿನಕಾಯಿ ಹಾಕಿ ಮರದ ಒನಕೆಯಿಂದ ನಾಲ್ಕು ಪೆಟ್ಟು ಕೊಟ್ಟರು. ತಾಳೆಬೆಲ್ಲ, ಅಲಸಂದೆಕಾಯಿ, ಟೊಮೆಟೊ, ಒಣಸಿಗಡಿ, ನೆಲಗಡಲೆ, ನಾಮ್ ಪ್ಲಾ ಒಂದೊಂದಾಗಿ ಬಿದ್ದವು. ಕೊನೆಗೆ ಪರಂಗಿಯ ಎಳೆ ಹಾಕಿ, ಒಂದು ಕೈಯಲ್ಲಿ ಕುಟ್ಟುತ್ತ ಇನ್ನೊಂದು ಕೈಯ ಚಮಚದಿಂದ ಮಗುಚುತ್ತ, ಚಮಚದ ತುದಿಯಲ್ಲಿ ರುಚಿ ನೋಡಿ, ಅರ್ಧ ನಿಂಬೆಹಣ್ಣನ್ನು ಮತ್ತೆ ಹಿಂಡಿದರು. ಹುಳಿ, ಬೆಲ್ಲ, ಉಪ್ಪು, ಖಾರ ನಮ್ಮ ಗೊಜ್ಜಿನಲ್ಲೂ ಇವೆ. ಗೊಜ್ಜಿನಲ್ಲಿ ಅವು ಕುದಿದು ಒಂದಾಗಿರುತ್ತವೆ, ಇಲ್ಲಿ ನಾಲ್ಕೂ ಬಿಡಿಬಿಡಿಯಾಗಿ ನಾಲಿಗೆಗೆ ಸಿಗುತ್ತವೆ. ಎರಡು ಮೆಣಸಿನಕಾಯಿ ಆರಂಭಕ್ಕೆ ಸಾಕಷ್ಟಾಯಿತು. ಕೊಳ್ಳುವಾಗ ‘ಸೊಮ್ ತಮ್ ಥಾಯ್’ ಎಂದೇ ಕೇಳಿ. ‘ಪ್ಲಾ ರಾ’ ಹಾಕಿದ ಈಶಾನ್ಯ ಪ್ರಾಂತ್ಯದ ಬಗೆಯಲ್ಲಿ ಹುದುಗಿಸಿದ ಮೀನಿನ ವಾಸನೆ ಬಹಳ ಗಾಢವಾಗಿದ್ದು, ಹೊಸಬರಿಗೆ ಮೊದಲ ದಿನಕ್ಕೆ ತಕ್ಕದ್ದಲ್ಲ.

ಮೊದಲ ದಿನ ದೊಡ್ಡ ಮಾಲ್‌ಗಳ ಫುಡ್ ಕೋರ್ಟಿಗೆ ಹೋಗಿ. ಚಿತ್ರವೂ ಬೆಲೆಯೂ ಕಣ್ಣೆದುರಿಗಿರುವುದರಿಂದ ಗೊಂದಲ ಕಡಿಮೆ. ತೆಂಗಿನಹಾಲಿನ ‘ತೊಮ್ ಖಾ’ ಸಾರು, ಚಕ್ಕೆ, ಲವಂಗ, ಏಲಕ್ಕಿ, ಆಲೂಗಡ್ಡೆ, ನೆಲಗಡಲೆಯಿರುವ ‘ಮಸ್ಸಮನ್’ ಕರಿ, ಹುಣಸೆ ಮತ್ತು ಬೆಲ್ಲದ ಸಿಹಿಹುಳಿಯ ‘ಪ್ಯಾಡ್ ಥಾಯ್’ ನೂಡಲ್ಸ್ ಇವು ನಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ. ಮರುದಿನ ‘ಪ್ಯಾಡ್ ಕ್ರಪಾವ್’ ತಿನ್ನಿ. ಕೊಚ್ಚಿದ ಮಾಂಸದೊಂದಿಗೆ ಹುರಿಯುವ ಆ ಎಲೆ ನಮ್ಮ ತುಳಸಿಯೇ. ವೃಂದಾವನದಲ್ಲಿ ಪೂಜೆಗೊಳ್ಳುವ ಎಲೆಯನ್ನು ಬಾಣಲೆಯಲ್ಲಿ ಕಂಡು ನನ್ನ ಪತ್ನಿ ಸ್ವಲ್ಪ ಹೊತ್ತು ಸುಮ್ಮನಾದಳು. ಮನಸ್ಸು ಒಪ್ಪದವರು ಅದನ್ನು ಬಿಡಬಹುದು. ತೊಮ್ ಯಮ್ ಮತ್ತು ಸೊಮ್ ತಮ್ ಆಮೇಲೆ ಬರಲಿ. ದಕ್ಷಿಣ ಪ್ರಾಂತ್ಯದ ಅರಿಸಿನದ ಹುಳಿಕರಿಗಳನ್ನು ಕೊನೆಗೆ ಇಟ್ಟುಕೊಳ್ಳಿ, ಖಾರದ ವಿಷಯದಲ್ಲಿ ಅವು ಬಹಳ ತೀಕ್ಷ್ಣ.

ಖಾರ ಹತ್ತಿದಾಗ ಅಲ್ಲಿ ಮೊಸರನ್ನ ಸಿಗುವುದಿಲ್ಲ. ನೀರು ಕುಡಿದು ಪ್ರಯೋಜನವಿಲ್ಲ; ಹಾಲು ಬೆರೆಸಿದ ತಣ್ಣನೆಯ ಚಹಾ ‘ಚಾ ಯೆನ್’ ತರಿಸಿಕೊಳ್ಳಿ, ಇಲ್ಲವೇ ಜೊತೆಗೆ ಕೊಡುವ ಹಸಿ ಎಲೆಕೋಸು, ಸೌತೆಕಾಯಿ, ಅಂಟು ಅನ್ನವನ್ನು ಅಗಿಯಿರಿ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬರುವ ಆ ಅನ್ನವನ್ನು ಮುದ್ದೆ ಮುರಿದಂತೆ ಕೈಯಿಂದ ಮುರಿದು, ಉಂಡೆ ಮಾಡಿ, ಅದ್ದಿ ತಿನ್ನುವುದೇ ಪದ್ಧತಿ. ಉಳಿದ ಊಟಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್.

ಚಿಯಾಂಗ್ ಮಾಯ್‌ಗೆ ಹೋದರೆ ‘ಖಾವ್ ಸೊಯ್’ ತಪ್ಪಿಸಬೇಡಿ. ತೆಂಗಿನಹಾಲಿನ ಕರಿಯಲ್ಲಿ ಮೆತ್ತನೆಯ ನೂಡಲ್ಸ್, ಮೇಲೆ ಗರಿಗರಿಯಾಗಿ ಕರಿದ ನೂಡಲ್ಸ್, ಪಕ್ಕದಲ್ಲಿ ಸಾಸಿವೆಸೊಪ್ಪಿನ ಉಪ್ಪಿನಕಾಯಿ ಮತ್ತು ಹಸಿ ಈರುಳ್ಳಿ ಇರುತ್ತವೆ. ಒಂಬತ್ತು ದಿನಗಳಲ್ಲಿ ನನಗೆ ಅತ್ಯಂತ ಹಿಡಿಸಿದ ಊಟ ಅದೇ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ಕಠಿಣವಾದರೂ ಮಾವು ಅತ್ಯುತ್ತಮವಾಗಿರುವುದು ಆಗಲೇ. ಮಾವಿನಹಣ್ಣು ಮತ್ತು ಅಂಟು ಅನ್ನದ ಮೇಲೆ ಸುರಿಯುವ ತೆಂಗಿನಹಾಲಿನಲ್ಲಿ ಸಕ್ಕರೆಯ ಜೊತೆ ಉಪ್ಪೂ ಎದ್ದು ಕಾಣುತ್ತದೆ. ಇಲ್ಲಿರುವುದು ಬರೀ ಉಪ್ಪು, ಮೀನಿನ ರಸವಲ್ಲ. ನಮ್ಮ ಸಸ್ಯಾಹಾರಿ ಸ್ನೇಹಿತರು ನಿಶ್ಚಿಂತೆಯಿಂದ ದಿನಕ್ಕೆರಡು ಬಾರಿ ತಿಂದರು. ಕೊಂಡ ದಿನವೇ ತಿಂದು ಮುಗಿಸಿ, ಹೋಟೆಲಿನ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಅನ್ನ ಗಟ್ಟಿಯಾಗುತ್ತದೆ.